ಗ್ಯಾಸ್ ಜನರೇಟರ್ ಮತ್ತು ಅಪ್ಪನ ಮೂಗು

ಗುಂಡ್ಲುಪೇಟೆಯ ಮೆಕ್ಯಾನಿಕ್ ಬರುವ ಮೊದಲೇ ನಮ್ಮ ಜನರೇಟರಿನ ಕಾರ್ಬುರೇಟರಿನ ತಳಕ್ಕೆ ನಾನು ಒಂದು ಚುಕ್ಕೆ ಕೆಂಪು ಉಗುರುಬಣ್ಣ ಹಚ್ಚಿಟ್ಟಿದ್ದೆ. ಅದನ್ನು ಬಿಚ್ಚಿ ತನ್ನ ಅಂಗಡಿಗೆ ಒಯ್ಯಬೇಕಾಗುತ್ತದೆ ಎಂದು ಅವನು ಫೋನಿನಲ್ಲಿ ಹೇಳಿದ್ದ. ಒಯ್ಯುವುದು ಯಾಕೆ? ಇಲ್ಲೇ ಕೂತು ಮಾಡಲಾಗದ ಕೆಲಸ ಅದೇನು? ನಮ್ಮ ಒಳ್ಳೆಯದನ್ನು ಇಟ್ಟುಕೊಂಡು ಯಾರದೋ ಸವೆದುಹೋದದ್ದನ್ನು ತಂದು ಕೂರಿಸಿದರೆ ನನಗೆ ಗೊತ್ತಾಗುವುದು ಹೇಗೆ? ಚುಕ್ಕೆ ಒಣಗಿದ ಮೇಲೆ ನನಗೆ ನೆಮ್ಮದಿಯಾಯಿತು.

ನಾನು ಇಂಥವಳೇ. ಹಾಲಿನವನ ಮೇಲೆ ಅನುಮಾನ, ಚಿಲ್ಲರೆ ಇಲ್ಲವೆನ್ನುವ ಕಂಡಕ್ಟರ್ ಮೇಲೆ ಅನುಮಾನ, ಕಾರಣವಿಲ್ಲದೆ ನಕ್ಕವರ ಮೇಲಂತೂ ಬಲವಾದ ಅನುಮಾನ. ಮೂವತ್ತು ದಾಟಿದರೂ ಮದುವೆಯಾಗದೆ ಉಳಿದದ್ದಕ್ಕೆ ಅವ್ವ ಈ ಗುಣವನ್ನೇ ದೂರುತ್ತಿದ್ದಳು. "ನೋಡಾಕೆ ಬಂದ ಗಂಡುನ್ನ ಪೊಲೀಸ್ನೋರು ಕೇಳ್ದಂಗೆ ಕೇಳ್ತೀಯಲ್ಲಮ್ಮಿ, ಯಾರು ಒಪ್ಪಾರು?" ಎನ್ನುವಳು. ಕೇಳಬೇಕಾದದ್ದನ್ನು ಕೇಳಿದ್ದೆ, ಅಷ್ಟೆ.

ಚಾಮರಾಜನಗರದ ಕಚೇರಿಗಳ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನಾನು ಜೆರಾಕ್ಸ್ ಅಂಗಡಿ ಇಟ್ಟಿದ್ದೆ. ಪಹಣಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು ಹಿಡಿದು ಉಮ್ಮತ್ತೂರು, ಪುಣಜನೂರು ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ಕಚೇರಿಯ ಬಾಗಿಲು ತೆಗೆಯುವ ಮೊದಲು ನನ್ನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಆ ವರ್ಷಗಳಲ್ಲಿ ಬೇಸಿಗೆ ಬಂತೆಂದರೆ ಕರೆಂಟ್ ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಎಂಬುದು ದೇವರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಒಂದು ಪೆಟ್ರೋಲ್ ಜನರೇಟರ್ ತಂದಿದ್ದೆ. ಅದು ಹಿತ್ತಿಲಲ್ಲಿ, ಬಚ್ಚಲ ಪಕ್ಕದ ತಗಡಿನ ಚಪ್ಪರದ ಕೆಳಗೆ ಇತ್ತು. ಬಂಕಿನವರು ಕ್ಯಾನಿಗೆ ಪೆಟ್ರೋಲ್ ಹಾಕಲು ದಿನಕ್ಕೊಂದು ತಕರಾರು ತೆಗೆಯುತ್ತಿದ್ದರು. ಹಾಕಿದ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿರುತ್ತಾರೆಂಬುದು ನನ್ನ ಗಟ್ಟಿ ನಂಬಿಕೆ. ನಾಲ್ಕು ದಿನ ಓಡಿಸದೆ ಬಿಟ್ಟರೆ ಕಾರ್ಬುರೇಟರ್ ಕಟ್ಟಿಕೊಂಡು, ಹಗ್ಗ ಎಳೆದೆಳೆದು ನನ್ನ ತೋಳು ಬಿದ್ದುಹೋಗುತ್ತಿತ್ತು. ನನ್ನ ಗೊಣಗಾಟ ಕೇಳಲಾರದೆ, ವ್ಯಾನ್ ಓಡಿಸುವ ಗಿರಾಕಿಯೊಬ್ಬ, ತನ್ನ ವ್ಯಾನಿಗೆ ಗ್ಯಾಸ್ ಕಿಟ್ ಹಾಕಿದ ಗುಂಡ್ಲುಪೇಟೆಯ ಮೆಕ್ಯಾನಿಕ್ ಜನರೇಟರನ್ನೂ ಗ್ಯಾಸಿಗೆ ತಿರುಗಿಸುತ್ತಾನೆಂದು ಹೇಳಿ ನಂಬರ್ ಕೊಟ್ಟ. ಇವನಿಗೆ ಇದರಲ್ಲೇನು ಲಾಭ ಎಂದು ಒಂದು ವಾರ ಯೋಚಿಸಿ ಆಮೇಲೆ ಫೋನ್ ಮಾಡಿದೆ.

ಮೆಕ್ಯಾನಿಕ್ ಬಂದ. ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ಮಾತು ಕಡಿಮೆ ಇರುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ ಎಂಬುದು ನನ್ನ ಲೆಕ್ಕ. ನಡುವೆ ಅವನಿಗೊಂದು ಫೋನ್ ಬಂದು, ಗಡಿಯಾಚೆಯ ಗಿರಾಕಿಯಿರಬೇಕು, ಮಲಯಾಳದಲ್ಲಿ ಮಾತಾಡಿ ಒಮ್ಮೆ ನಕ್ಕ. ನನ್ನ ವಿಷಯವೇ ಎಂದುಕೊಂಡೆ. ಕಾರ್ಬುರೇಟರ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, "ಮೂರು ದಿನ ಬುಟ್ಟು ಬತ್ತೀನಿ ಅಕ್ಕ. ಅಷ್ಟ್ರಲ್ಲಿ ಅಂಗಡಿಗೆ ಕೊಡೋ ದೊಡ್ಡ ಸಿಲಿಂಡರ್ ಒಂದು ತರಿಸಿಡಿ. ಮನೆ ಸಿಲಿಂಡರ್‌ನ ಇದಕ್ಕೆ ಹಾಕಂಗಿಲ್ಲ" ಎಂದ. ಹಾಕಬಾರದೆಂಬುದು ಕಾನೂನು ಎಂದು ಆಮೇಲೆ ತಿಳಿಯಿತು. ಆಗ ಮಾತ್ರ, ಇವನಿಗೂ ಸಿಲಿಂಡರ್ ಏಜೆನ್ಸಿಗೂ ಏನೋ ಒಳಒಪ್ಪಂದವಿದೆ ಎನ್ನಿಸಿತು.

ನಾಲ್ಕನೆಯ ದಿನ ತಂದ. ಅವನು ಕೈತೊಳೆಯಲು ಹೋದಾಗ ಕಾರ್ಬುರೇಟರನ್ನು ತಿರುಗಿಸಿ ನೋಡಿದೆ. ಚುಕ್ಕೆ ಇರಲಿಲ್ಲ! "ಇದು ನಮ್ದೇನಾ?" ಎಂದು ಕೇಳಿಯೇಬಿಟ್ಟೆ.

"ನಿಮ್ದೇ ಅಕ್ಕ. ತಿನ್ನರ್ ಹಾಕಿ ತೊಳ್ದಿವ್ನಿ. ತಳದಲ್ಲಿ ಯಾರೋ ಅದೆಂಥದೋ ಕೆಂಪು ಬಣ್ಣ ಬಳ್ದಿದ್ರು, ಅದೂ ಓಯ್ತು" ಎಂದ ತಣ್ಣಗೆ.

ಗೊತ್ತಿದ್ದೇ ಹೇಳಿದನೋ, ಗೊತ್ತಿಲ್ಲದೆ ಹೇಳಿದನೋ, ಅವನ ಮುಖದಲ್ಲಿ ಏನೂ ಕಾಣಲಿಲ್ಲ.

ಕಾರ್ಬುರೇಟರಿಗೂ ಗಾಳಿ ಫಿಲ್ಟರಿಗೂ ನಡುವೆ ಅವನು ಒಂದು ಹಿತ್ತಾಳೆಯ ಬಳೆ ಕೂರಿಸಿದ. ಅದಕ್ಕೊಂದು ರಬ್ಬರ್ ಪೈಪು, ಪೈಪಿನ ಇನ್ನೊಂದು ತುದಿಗೆ ಅಂಗೈಯಗಲದ ಡಬ್ಬಿ, ಡಬ್ಬಿಯಿಂದ ಸಿಲಿಂಡರಿಗೆ ಮತ್ತೊಂದು ಪೈಪು. ಎಂಜಿನ್ ಉಸಿರೆಳೆದಾಗ ಮಾತ್ರ ಡಬ್ಬಿ ಗ್ಯಾಸ್ ಬಿಡುತ್ತದಂತೆ, ಎಂಜಿನ್ ನಿಂತರೆ ತಾನೇ ಮುಚ್ಚಿಕೊಳ್ಳುತ್ತದಂತೆ. "ಆದ್ರೂ ಕೆಲ್ಸ ಆದ್ಮೇಲೆ ಸಿಲಿಂಡರ್ ಬಾಯಿ ತಿರುಗ್ಸಿ ಮುಚ್ಚಬೇಕು, ಮರೀಬೇಡಿ" ಎಂದು ಎರಡು ಸಲ ಹೇಳಿದ. ಹಗ್ಗ ಎಳೆದ. ಮೂರನೆಯ ಎಳೆತಕ್ಕೆ ಜನರೇಟರ್ ಶುರುವಾಯಿತು. ಪೆಟ್ರೋಲಿನ ಗದ್ದಲವಾಗಲಿ ಕಪ್ಪು ಹೊಗೆಯಾಗಲಿ ಇಲ್ಲದೆ ನಯವಾಗಿ ಓಡಿತು. ಸಂತೋಷವಾಯಿತು, ತೋರಿಸಿಕೊಳ್ಳಲಿಲ್ಲ.

ಆಗ ಅವನು ಒಂದು ಮಗ್ಗಿನಲ್ಲಿ ಸಾಬೂನು ನೀರು ಕೇಳಿದ. ಜೋಡಣೆಗಳ ಮೇಲೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡಲು. ಹೊಸ ಹಿತ್ತಾಳೆಗೆ ಸಾಬೂನು ಮೆತ್ತಿ ಏನು ಕೆಡಿಸುತ್ತಾನೋ ಎಂದು ನನಗೆ ಅನ್ನಿಸಿತು. "ಸಾಬೂನು ಯಾಕೆ? ನಮ್ಮಪ್ಪ ಬರ್ಲಿ ಇರಿ" ಎಂದೆ.

ಅಪ್ಪನ ವಿಷಯ ಇಲ್ಲಿ ಹೇಳಬೇಕು. ಅವರು ಅರಿಶಿನದ ಮಂಡಿಯಲ್ಲಿ ಮಾಲು ನೋಡುವವರು. ರೈತರು ತಂದ ಮೂಟೆಗೆ ಕೈಹಾಕಿ ಒಂದು ಕೊಂಬು ತೆಗೆದು, ಮುರಿದು, ಮೂಗಿಗೆ ಹಿಡಿದು, ಯಾವ ದರ್ಜೆ ಎಂದು ಒಂದೇ ಮಾತು ಹೇಳುತ್ತಿದ್ದರು. ಬೇಯಿಸಿದ್ದು ಹೆಚ್ಚಾಗಿದೆ, ಹೊಗೆ ಹತ್ತಿದೆ, ಮುಗ್ಗಲು ಹಿಡಿದಿದೆ, ಹಳೆಯ ಮಾಲು ಬೆರೆಸಿದ್ದಾರೆ, ಎಲ್ಲವೂ ಆ ಮೂಗಿಗೆ ಗೊತ್ತು. ಅವರ ಮಾತಿನ ಮೇಲೆ ಈರೋಡಿನ ವ್ಯಾಪಾರಿ ಕಣ್ಣುಮುಚ್ಚಿ ಮಾಲು ಎತ್ತುತ್ತಿದ್ದ. ಮನೆಯಲ್ಲೂ ಅದೇ. ಹೊಸ ತುಪ್ಪ, ಹೊಸ ಅಕ್ಕಿ, ಹಿಂದಿನ ದಿನದ ಸಾರು, ಏನೇ ಇದ್ದರೂ ಮೊದಲು ಅಪ್ಪನ ಮೂಗಿಗೆ ಹೋಗಿ ಬರಬೇಕು. ಬೀದಿಯವರು ಕೂಡ ಎಣ್ಣೆ ಶೀಸೆ ಹಿಡಿದು ಬರುತ್ತಿದ್ದರು. ಎಲ್ಲರನ್ನೂ ಅನುಮಾನಿಸುವ ನಾನು ಅನುಮಾನಿಸದೆ ಬಿಟ್ಟದ್ದು ಲೋಕದಲ್ಲಿ ಒಂದೇ ವಸ್ತು, ಅಪ್ಪನ ಮೂಗು.

ಅಪ್ಪ ಬಂದರು. ಮೊಣಕೈವರೆಗೆ ಹಳದಿ ಧೂಳು. ಬಗ್ಗಿ ಒಂದೊಂದೇ ಜೋಡಣೆಗೆ ಮೂಗು ಹಿಡಿದು ನಿಧಾನವಾಗಿ ಉಸಿರೆಳೆದರು. "ಒಂದ್ಚೂರೂ ಇಲ್ಲ ಕಣವ್ವ. ಕೆಲ್ಸ ಸುದ್ದವಾಗೇ ಅದೆ" ಎಂದರು. ಮೆಕ್ಯಾನಿಕ್ ಮಗ್ಗು ಪಕ್ಕಕ್ಕಿಟ್ಟ. ಅವನ ಹೆಂಡತಿಯ ಕಡೆಯವರು ಅರಿಶಿನ ಬೆಳೆಯುವವರಂತೆ, ಅವನಿಗೂ ಈ ಮೂಗಿನ ಖ್ಯಾತಿ ಗೊತ್ತಿತ್ತು. "ಯಜಮಾನ್ರು ಯೋಳುದ್ಮೇಲೆ ಬುಡಿ, ಇನ್ನೇನದೆ" ಎಂದ. ಹೊರಡುವಾಗ ಮಾತ್ರ, ಎಂಜಿನ್ ಅದುರಿ ಅದುರಿ ಕ್ಲಿಪ್ಪುಗಳು ಸಡಿಲವಾಗುತ್ತವೆ, ವಾರಕ್ಕೊಮ್ಮೆ ಸಾಬೂನು ನೀರು ಹಚ್ಚಿ ನೋಡಿ ಎಂದು ಹೇಳಿಹೋದ. ನಾವು ಹಚ್ಚಲಿಲ್ಲ. ಪ್ರತಿ ಭಾನುವಾರ ಅಪ್ಪ ಮೂಸಿ ನೋಡಿ "ಏನೂ ಇಲ್ಲ" ಎನ್ನುತ್ತಿದ್ದರು.

ಒಂದು ತಿಂಗಳು ಕಳೆದಿರಬೇಕು. ಹಿತ್ತಿಲಿಗೆ ಹೋದಾಗಲೆಲ್ಲ ಕೊಳೆತ ಎಲೆಕೋಸಿನಂಥ ಒಂದು ನಾತ. ಅವ್ವನಿಗೂ ಬಂತು. "ಅದೇನೋ ಗಬ್ಬು ಬತ್ತಾ ಅದೆ, ಗ್ಯಾಸ್ ಏನಾದ್ರೂ..." ಎಂದಳು. ಅಪ್ಪ ಹಿತ್ತಿಲಲ್ಲಿ ನಿಂತು ಉಸಿರೆಳೆದು, "ಗ್ಯಾಸ್ ಅಲ್ಲ, ಮೋರಿ ವಾಸ್ನೆ" ಎಂದು ತೀರ್ಪು ಕೊಟ್ಟರು. ಅಲ್ಲಿಗೆ ಮುಗಿಯಿತು. ನಾನು ಮೋರಿಗೆ ಶೀಸೆಗಟ್ಟಲೆ ಫಿನಾಯಿಲ್ ಸುರಿದೆ. ನಾತ ಹೋಗಲಿಲ್ಲ. ಪಕ್ಕದ ಮನೆಯವಳು ಮೋರಿಗೆ ಹಳಸಿದ ಅನ್ನ ಚೆಲ್ಲುತ್ತಾಳೆಂದು ಗೊತ್ತೇ ಇತ್ತು ನನಗೆ. ಗೋಡೆಯ ಮೇಲಿಂದ ಕೇಳಿದೆ. ಅವಳು ಇಲ್ಲವೆಂದಳು. ಸಿಕ್ಕಿಬಿದ್ದವರು ಹೀಗೇ ಹೇಳುವುದು. ಜಗಳವಾಡಿ ಮಾತು ಬಿಟ್ಟೆವು. ಇಷ್ಟೆಲ್ಲ ಆದರೂ ನನ್ನ ಮೂಗಿಗೆ ಬಡಿದ ವಾಸನೆಯನ್ನು ನಾನೇ ನಂಬಲಿಲ್ಲ ಎಂಬುದನ್ನು ಈಗ ನೆನೆದರೆ ತಲೆ ಚಚ್ಚಿಕೊಳ್ಳಬೇಕೆನ್ನಿಸುತ್ತದೆ.

ಇನ್ನೊಂದು ಕಡೆ ಸಿಲಿಂಡರ್ ಬೇಗ ಬೇಗ ಖಾಲಿಯಾಗತೊಡಗಿತು. ಮೊದಲು ಅನುಮಾನ ಬಿದ್ದದ್ದು ಸಿಲಿಂಡರ್ ತರುವವನ ಮೇಲೆ. ಮುಂದಿನ ಸಲ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಮಂಡಿಯಿಂದ ತಕ್ಕಡಿ ತರಿಸಿ ತೂಗಿಸಿದೆ. ತೂಕ ಸರಿಯಾಗಿತ್ತು. ಅವನು ಅನ್ನಬಾರದ್ದನ್ನು ಗೊಣಗುತ್ತಾ ಹೋದ. ಹಾಗಾದರೆ ಉಳಿದವನು ಒಬ್ಬನೇ, ಮೆಕ್ಯಾನಿಕ್. ಜನರೇಟರ್ ಹೆಚ್ಚು ಗ್ಯಾಸ್ ಕುಡಿಯುವಂತೆ ಎಲ್ಲೋ ಒಂದು ಸ್ಕ್ರೂ ತಿರುಗಿಸಿ ಹೋಗಿದ್ದಾನೆ. ನಾನಾಗಿ ಮತ್ತೆ ಕರೆಯಬೇಕು, ಅವನಿಗೆ ಮತ್ತೆ ಕೆಲಸ ಸಿಗಬೇಕು. ಎಲ್ಲ ಸ್ಪಷ್ಟವಾಯಿತು. ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಜನರೇಟರ್ ಹಾಕಿ, ಕರೆಂಟ್ ಬಂದ ಕೂಡಲೇ ಅದನ್ನು ನಿಲ್ಲಿಸಿ, ಸಿಟ್ಟು ತಲೆಗೇರಿ ಅಂಗಡಿಗೆ ಬೀಗ ಹಾಕಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವವರೆಗೂ ಏನೇನು ಬೈಯಬೇಕೆಂದು ಜೋಡಿಸಿಕೊಳ್ಳುತ್ತಾ ಕೂತಿದ್ದೆ.

ಅವನ ಅಂಗಡಿ ಊಟಿ ರಸ್ತೆಯ ಬದಿಯಲ್ಲಿ. ವ್ಯಾನೊಂದರ ಕೆಳಗೆ ಮಲಗಿದ್ದವನನ್ನು ಹೊರಗೆ ಕರೆದು, ನಾಲ್ಕು ಜನರ ಎದುರಿಗೆ, ಸ್ಕ್ರೂ ವಿಷಯ, ಕೆಂಪು ಚುಕ್ಕೆಯ ವಿಷಯ, ಏಜೆನ್ಸಿಯ ವಿಷಯ ಎಲ್ಲವನ್ನೂ ಬಡಬಡನೆ ಕಕ್ಕಿದೆ. ಅವನು ಕೈ ಒರೆಸಿಕೊಳ್ಳುತ್ತಾ ಕೇಳಿದ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದ.

"ವಾಸ್ನೆ ಬತ್ತದಾ ಅಕ್ಕ?"

"ಬತ್ತದೆ, ಒಂದು ತಿಂಗ್ಳಿಂದ. ಅದು ಮೋರೀದು. ನಮ್ಮಪ್ಪ ನೋಡವ್ರೆ."

"ಸಿಲಿಂಡರ್ ಮುಚ್ಚಿ ಬಂದಿದ್ದೀರಾ?"

ನೆನಪು ಮಾಡಿಕೊಂಡೆ. ಎಂಜಿನ್ ನಿಲ್ಲಿಸಿದ್ದು ನೆನಪಿಗೆ ಬಂತು, ಸಿಲಿಂಡರ್ ತಿರುಗಿಸಿದ್ದು ಬರಲಿಲ್ಲ.

ಅವನು ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಡಿ, "ಬಚ್ಚಲ ಪಕ್ಕ ಅಲ್ವಾ ಇಟ್ಟಿರೋದು? ಮನೆಗೆ ಫೋನ್ ಮಾಡಿ, ಯಾರೂ ಬೆಂಕಿ ಅಚ್ಚಬೇಡಿ ಅನ್ನಿ" ಎಂದ. ಫೋನಿದ್ದದ್ದು ಮುಂದಿನ ಕೋಣೆಯಲ್ಲಿ, ಅದರ ಬೀದಿ ಬಾಗಿಲಿಗೂ ಒಳಬಾಗಿಲಿಗೂ ಬೀಗ ಹಾಕಿಕೊಂಡು ನಾನೇ ಬಂದಿದ್ದೆ. ಎಷ್ಟು ಸಲ ರಿಂಗಾದರೂ ಯಾರೂ ಎತ್ತಲಿಲ್ಲ. ಪಕ್ಕದ ಮನೆಯ ನಂಬರ್ ನನಗೆ ಬಾಯಿಪಾಠವಿತ್ತು. ಮಾಡಲಿಲ್ಲ. ಮಾತು ಬಿಟ್ಟವಳಿಗೆ ಹೇಗೆ ಮಾಡುವುದು ಎಂದುಕೊಂಡೆ. ಇದೆಲ್ಲ ಇವನ ನಾಟಕವಿರಬಹುದು ಎಂದೂ ಒಂದು ಮನಸ್ಸು ಹೇಳುತ್ತಿತ್ತು. ಅವನು ತನ್ನ ಬೈಕ್ ತೆಗೆದ. ಯಾರು ನೋಡಿದರೆ ಏನೆಂದಾರು ಎಂಬ ಯೋಚನೆಯೂ ಬರದೆ ಹಿಂದೆ ಕೂತೆ.

ಅಪ್ಪ ಮಂಡಿಯಿಂದ ನಾಲ್ಕಕ್ಕೆ ಬರುತ್ತಾರೆ. ಅಷ್ಟರೊಳಗೆ ಅವ್ವ ಬಚ್ಚಲ ಒಲೆ ಹಚ್ಚಿ ಹಂಡೆಯಲ್ಲಿ ನೀರು ಕಾಯಿಸುತ್ತಾಳೆ, ಅರಿಶಿನದ ಧೂಳು ತಣ್ಣೀರಿಗೆ ಹೋಗುವುದಿಲ್ಲವೆಂದು. ನಾವು ತಲುಪಿದಾಗ ಮೂರೂವರೆ. ಹಿತ್ತಿಲ ಬಾಗಿಲಿನಿಂದ ಓಡಿದ ಮೆಕ್ಯಾನಿಕ್ ಚಪ್ಪರದ ಹತ್ತಿರ ನಿಂತುಬಿಟ್ಟು, "ಅವ್ವೋ, ಕಡ್ಡಿ ಗೀರ್ಬೇಡಿ!" ಎಂದು ಕೂಗಿದ.

ಅವ್ವ ಒಲೆಗೆ ಸೌದೆ ಒಟ್ಟಿ, ಬೆಂಕಿಪೆಟ್ಟಿಗೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅಪರಿಚಿತ ಗಂಡಸಿನ ಕೂಗಿಗೆ ಬೆಚ್ಚಿ ಎದ್ದಳು. ಆ ವಾಸನೆ ಎಷ್ಟಿತ್ತೆಂದರೆ ಗಂಟಲಲ್ಲಿ ಕೂತಂತಾಗುತ್ತಿತ್ತು. "ಬತ್ತಾನೆ ಇತ್ತು ಕಣಮ್ಮಿ. ಮೋರಿದು ಅಂತ ನಿಮ್ಮಪ್ಪ ಅಂದಿದ್ರಲ್ಲ" ಎಂದಳು ಅವ್ವ.

ಅವನು ಸಿಲಿಂಡರ್ ಮುಚ್ಚಿದ. ಅವ್ವನನ್ನು ಬೀದಿಗೆ ಕಳಿಸಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಎಂದು, ಬಾಗಿಲು ಕಿಟಕಿ ತೆರೆಸಿ, ಗಾಳಿಯಾಡಲು ಬಹಳ ಹೊತ್ತು ಬಿಟ್ಟ. ಈ ಗ್ಯಾಸ್ ಮೇಲಕ್ಕೆ ಹೋಗುವುದಿಲ್ಲ, ನೀರಿನಂತೆ ತಗ್ಗು ಹುಡುಕಿ ನಿಲ್ಲುತ್ತದೆ ಎಂದ. ನಮ್ಮ ಹಿತ್ತಿಲಲ್ಲಿ ತಗ್ಗಿರುವುದು ಬಚ್ಚಲೇ. ವಾಸನೆಯೆಲ್ಲ ಹೋದ ಮೇಲೆ ತಾನೇ ಸಾಬೂನು ನೀರು ಕದಡಿ, ಸಿಲಿಂಡರಿನ ಬಾಯನ್ನು ಒಂದು ಕ್ಷಣ ತೆರೆದು ಹಚ್ಚಿದ. ಸಿಲಿಂಡರಿನ ಕಡೆಯ ಕ್ಲಿಪ್ಪಿನಲ್ಲಿ ಗುಳ್ಳೆಗಳು ಬುಳುಬುಳು ಎದ್ದವು. ಮುಚ್ಚಿ, ಕ್ಲಿಪ್ ಬದಲಿಸಿ, ಮತ್ತೆ ಹಚ್ಚಿದ. ಗುಳ್ಳೆ ಏಳಲಿಲ್ಲ.

ಅಷ್ಟರಲ್ಲಿ ಅಪ್ಪ ಬಂದರು. ಬೀದಿಯಲ್ಲಿ ನಿಂತಿದ್ದ ಅವ್ವ ಎಲ್ಲ ಹೇಳಿದ್ದಳು. ಅವರು ಏನೂ ಮಾತಾಡುವ ಮೊದಲೇ ಮೆಕ್ಯಾನಿಕ್, "ನನ್ದೇ ತಪ್ಪು ಯಜಮಾನ್ರೇ. ಕ್ಲಿಪ್ ಸಡಿಲ ಬುಟ್ಟಿದ್ದೆ. ಇವತ್ತೇ ಬಿಚ್ಕೊಂಡಿರ್ಬೇಕು" ಎಂದ. ಅದು ಸುಳ್ಳು. ಒಂದು ತಿಂಗಳಿನಿಂದ ನಾತ ಬರುತ್ತಿದೆಯೆಂದು ನಾನೇ ಅವನಿಗೆ ಹೇಳಿದ್ದೆ.

ಅಪ್ಪ ಹೋಗಿ ಪೈಪಿನ ಮೇಲೆ ಬಗ್ಗಿ ಮೂಗು ಹಿಡಿದರು. "ಈಗ್ಲೂ ಬತ್ತಾ ಅದೆ ನೋಡು, ಸಣ್ಣಗೆ" ಎಂದರು.

ಏನೂ ಬರುತ್ತಿರಲಿಲ್ಲ. ಸಿಲಿಂಡರ್ ಮುಚ್ಚಿತ್ತು, ಹಿತ್ತಿಲ ತುಂಬ ಬರಿಯ ಗಾಳಿ. ಮೆಕ್ಯಾನಿಕ್ ಒಂದು ಸಲ ನನ್ನ ಕಡೆ ನೋಡಿ ತಲೆ ತಗ್ಗಿಸಿ, "ಊಂ ಯಜಮಾನ್ರೇ, ಸಣ್ಣಗೆ ಅದೆ. ಓಯ್ತದೆ ಬುಡಿ" ಎಂದು ಸಾಮಾನು ಚೀಲಕ್ಕೆ ತುಂಬತೊಡಗಿದ. ನಾನು ನಾಲ್ಕು ಜನರ ಎದುರು ಬೈದು ಬಂದ ಮನುಷ್ಯ ಅವನು. ಕಾಫಿಯನ್ನೂ ಕುಡಿಯದೆ ಹೋದ.

ಅಲ್ಲಿಗೆ ಬಿಡಬಹುದಿತ್ತು. ಸೋರಿಕೆ ನಿಂತಿತ್ತು, ಅವ್ವ ಬದುಕಿದ್ದಳು. ಆದರೆ ನನ್ನ ಹಾಳು ಬುದ್ಧಿ ಬಿಡಬೇಕಲ್ಲ! ಹಗ್ಗದ ಮೇಲೆ ಅವ್ವ ಒಗೆದು ಒಣಹಾಕಿದ್ದ ಬಟ್ಟೆಯ ತುಂಡೊಂದನ್ನು ತೆಗೆದು, ಮಡಿಸಿ, ಅಪ್ಪನ ಹತ್ತಿರ ಹೋಗಿ, "ಇದರಲ್ಲಿ ಪೆಟ್ರೋಲ್ ಒರೆಸಿದ್ದೆ, ವಾಸನೆ ಹೋಗಿದೆಯಾ ನೋಡಿ ಅಪ್ಪ" ಎಂದೆ.

ಅವರು ಬಟ್ಟೆಯನ್ನು ಮೂಗಿಗೆ ಒತ್ತಿ ದೀರ್ಘವಾಗಿ ಉಸಿರೆಳೆದರು. ಆಮೇಲೆ ನನ್ನ ಮುಖವನ್ನೇ ನೋಡಿದರು, ಏನು ಹೇಳಿದರೆ ಸರಿಯಾಗುತ್ತದೆಂದು ಅಲ್ಲಿ ಹುಡುಕುವವರ ಹಾಗೆ. "ಇನ್ನೂ ಅದೆ ಕಣವ್ವ, ಸಣ್ಣಗೆ" ಎಂದರು.

"ಒಗೆದ ಬಟ್ಟೆ ಅಪ್ಪ ಇದು."

ಅವರು ಬಟ್ಟೆಯನ್ನು ಮಡಿಕೆ ಕೆಡದಂತೆ ಜಗುಲಿಯ ಮೇಲೆ ಇಟ್ಟರು.

"ಯಾವಾಗಿನಿಂದ?" ಎಂದೆ.

"ಮೂರು ವರ್ಸ ಆಯ್ತು. ಒಂದು ಸೀತ ಬಂದು ಓಯ್ತಲ್ಲ, ಅದ್ರ ಜೊತೆ ಓಯ್ತು. ಬತ್ತದೆ ಬತ್ತದೆ ಅಂತ ಕಾದೆ."

"ಮತ್ತೆ ಮಂಡಿಯಲ್ಲಿ?"

"ಮುರುದ್ರೆ ಸದ್ದು ಯೋಳ್ತದೆ, ಬಣ್ಣ ಯೋಳ್ತದೆ. ಮಿಕ್ಕಿದ್ದು ತಂದೋನ ಮಕದಲ್ಲೇ ಇರ್ತದೆ. ಸುಳ್ಳು ಮಾಲು ತಂದೋನು ನಾನು ಮೂಗಿಗೆ ಇಡಿಯೋಗಂಟ ನನ್ನ ಮೂಗ್ನೇ ನೋಡ್ತಾ ಇರ್ತಾನೆ."

ನನಗೆ ದುಃಖ ಒತ್ತರಿಸಿ ಬಂತು. ಮೂರು ವರ್ಷ ಈ ಮನುಷ್ಯ ದಿನಾ ಊಟದ ತಟ್ಟೆಯ ಮುಂದೆ, ತುಪ್ಪದ ಬಟ್ಟಲ ಮುಂದೆ, ನಮ್ಮೆಲ್ಲರ ಮುಖ ನೋಡಿ ನೋಡಿ ಬದುಕಿದ್ದರು. ಆ ಮೂಗು ಹೋದರೆ ಮಂಡಿಯಲ್ಲಿ ಅವರು ಯಾರೂ ಅಲ್ಲ ಎಂಬ ಹೆದರಿಕೆ. "ಯಾರಿಗೂ ಹೇಳೋದು ಬೇಡ ಅಪ್ಪ. ಹೀಗೇ ನಡೀಲಿ. ಯಾರು ಬಂದು ಕೇಳ್ತಾರೆ ನಿಮ್ಮನ್ನ?" ಎಂದೆ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಸಿಕ್ಕಿಬೀಳದಿರಲಿ ಎಂದು ಬಯಸಿದ್ದೆ.

"ನೀನು ಕೇಳುದ್ಯಲ್ಲ" ಎಂದರು ಅಪ್ಪ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಅರಿಸಿನದಲ್ಲಿ ತಪ್ಪುದ್ರೆ ಒಂದು ಮೂಟೆ ಓಯ್ತದೆ. ಇವತ್ತು ನಿಮ್ಮವ್ವ ಓಗೋಳು. ನಾಳೆ ನಾನೇ ಮಂಡಿ ಸಾವುಕಾರಂಗೆ ಯೋಳ್ಬುಡ್ತೀನಿ."

ಮಾರನೆಯ ದಿನ ಹೋದವರು ಮಧ್ಯಾಹ್ನಕ್ಕೇ ತಿರುಗಿ ಬಂದರು. ಅಂಗಡಿಯಲ್ಲಿ ಗಿರಾಕಿಗಳಿದ್ದರೂ ನಾನು ಎದ್ದು ಹಿಂದೆಯೇ ಒಳಗೆ ಹೋದೆ. ಅಪ್ಪ ಕಂಬಕ್ಕೆ ಒರಗಿ ಕೂತು ಹೇಳಿದರು. ಸಾಹುಕಾರ ಅವರ ಮಾತನ್ನು ನಂಬಲೇ ಇಲ್ಲವಂತೆ. ಮೂಗು ಹೋಗಿದೆಯೆಂಬ ಕತೆ ಕಟ್ಟಿ ಎದುರು ಮಂಡಿಗೆ ಸೇರಿಕೊಳ್ಳುವ ಹುನ್ನಾರ ಇದು ಎಂದನಂತೆ. ಅವರು ಎಷ್ಟು ಸಲ ಆಣೆ ಮಾಡಿದರೂ, "ಮುವ್ವತ್ತು ವರ್ಸ ನಂಬಿದ್ದಕ್ಕೆ ಇಂಗಾ ಮಾಡೋದು?" ಎಂದು ಎಲ್ಲರ ಎದುರಿಗೆ ಕೂಗಾಡಿ, ನಾಳೆಯಿಂದ ಬರಬೇಡ ಎಂದು ಕಳಿಸಿದನಂತೆ. ಮೂರು ವರ್ಷ ಹೇಳಿದ ಸುಳ್ಳನ್ನೆಲ್ಲ ನಂಬಿದವನು, ಒಂದು ನಿಜ ಹೇಳಿದ ದಿನ ಕಳ್ಳನೆಂದ.

ನನಗೆ ಮೈಯೆಲ್ಲ ಉರಿಯಿತು. "ಎಂಥ ಅನುಮಾನದ ಮನುಷ್ಯ ಅಪ್ಪ ಅವನು! ಎದುರಿಗೆ ನಿಂತವರನ್ನ ಒಂದು ಸಲವಾದರೂ ನಂಬಬಾರದಾ? ಇಂಥವರಿಗೆ ಹೊಟ್ಟೆಗೆ ಹೋದ ಅನ್ನ ಹೇಗೆ ಅರಗುತ್ತದೆ?" ಎಂದು ಕೂಗಾಡಿದೆ.

ಅಪ್ಪ ತಲೆಯೆತ್ತಿ ನನ್ನ ಮುಖ ನೋಡಿದರು. ಆ ನೋಟದ ಎದುರು ನನಗೆ ನಿಲ್ಲಲಾಗಲಿಲ್ಲ. ಮುಂದಿನ ಕೋಣೆಗೆ ಬಂದು, ಕಾಯುತ್ತಿದ್ದವನ ಕೈಯಿಂದ ಪಹಣಿ ತೆಗೆದುಕೊಂಡೆ.